ಕೋವಿಗೆ ಬರೆದ ಒಂದು ಪುಟ

ನಾನು ಈವರೆಗೆ ಕೋವಿಯನ್ನು ಕೈಯಲ್ಲಿ ಹಿಡಿದವಳಲ್ಲ. ಆದರೆ ಒಂದು ಕೋವಿಯ ಗುಣದೋಷಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದಿದ್ದೇನೆ. ಬರೆದದ್ದು ಐನ್ ಖಾಲಿದ್ ಬಡಾವಣೆಯ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ, ಸಾರಿನ ಪಾತ್ರೆಯನ್ನು ಆಚೆ ಸರಿಸಿ, ಮೇಜುಬಟ್ಟೆಯಲ್ಲಿ ಒದ್ದೆಯಾಗದ ಜಾಗ ಹುಡುಕಿಕೊಂಡು.

ನನ್ನ ಗಂಡ ಕೆಲಸ ಮಾಡುವುದು ದೋಹಾದಲ್ಲಿ, ಬೇಟೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ. ಹೊರಗಿನ ಕೋಣೆಯಲ್ಲಿ ಡೇರೆ, ಬೂಟು, ದುರ್ಬೀನು, ಡೇಗೆ ಹಕ್ಕಿಯ ಕಣ್ಣು ಮುಚ್ಚುವ ತೊಗಲಿನ ಟೊಪ್ಪಿ. ಒಳಗೆ, ಕಬ್ಬಿಣದ ಬಾಗಿಲಿನ ಹಿಂದೆ, ಲೈಸೆನ್ಸ್ ಇದ್ದವರಿಗೆ ಮಾತ್ರ ಮಾರುವ ಬೇಟೆ ಕೋವಿಗಳು. ಆ ಒಳಕೋಣೆಯಲ್ಲಿ ಕೋವಿ ಪರೀಕ್ಷಿಸುವ, ರಿಪೇರಿ ಮಾಡುವ ಉದ್ದನೆಯ ಮೇಜಿದೆ. ಅಂಗಡಿಯವರೆಲ್ಲ ಅದನ್ನು ಬೆಂಚು ಎನ್ನುತ್ತಾರೆ. ಹನ್ನೊಂದು ವರ್ಷ ನನ್ನ ಗಂಡ ಆ ಬೆಂಚಿನ ಪಕ್ಕದಲ್ಲಿ ನಿಂತು, ಅದರ ಎದುರು ಕೂರುತ್ತಿದ್ದ ಈಜಿಪ್ಟಿನ ಮುದುಕನಿಗೆ ಸ್ಕ್ರೂಡ್ರೈವರ್ ಕೊಡುತ್ತಾ, ಎಣ್ಣೆ ಒರೆಸುತ್ತಾ ಕೆಲಸ ಕಲಿತವರು. ಮೊಣಕಾಲು ನೋವೆಂದು ಮುದುಕ ಊರಿಗೆ ಹೋದ. ಬೆಂಚು ಖಾಲಿಯಾಯಿತು.

ಅಂಗಡಿಯ ಮಾಲೀಕರು ಕತಾರಿನವರೇ, ಅರವತ್ತು ದಾಟಿದವರು. ಎಲ್ಲರಿಗೂ ಅವರು ಅರಬಾಬ್, ಅಂದರೆ ಧಣಿ. ಅವರು ನನ್ನ ಗಂಡನನ್ನು ಕರೆದು ಹೇಳಿದ್ದು ಇಷ್ಟು: ಈ ಸೀಸನ್ನಿಗೆ ಕಂಪೆನಿಯೊಂದು ಹೊಸ ಕೋವಿ ಬಿಟ್ಟಿದೆ, ಸ್ಯಾಂಪಲ್ ಒಂದು ಬಂದಿದೆ. ನೀನು ನೋಡು. ನೋಡಿ ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಡು. ಅದನ್ನು ನಂಬಿ ನಾನು ಆರ್ಡರ್ ಹಾಕುತ್ತೇನೆ. ಪುಟ ಸರಿಯಾಗಿದ್ದರೆ ಬೆಂಚು ನಿನ್ನದು, ಇಲ್ಲದಿದ್ದರೆ ಹೊರಗಿನಿಂದ ಒಬ್ಬನನ್ನು ತರಿಸುತ್ತೇನೆ.

ಕೋವಿ ನೋಡುವುದು ನನ್ನ ಗಂಡನಿಗೆ ಕಷ್ಟವಲ್ಲ. ಬರೆಯುವುದು ಕಷ್ಟ. ಕುಂದಾಪುರದ ಕಡೆ ಕನ್ನಡ ಶಾಲೆಯಲ್ಲಿ ಹತ್ತರವರೆಗೆ ಓದಿ, ಐಟಿಐ ಮಾಡಿ ಬಂದವರು. ಇಂಗ್ಲಿಷ್ ಮಾತಾಡುತ್ತಾರೆ, ಅರಬಿ, ಹಿಂದಿ, ಮಲಯಾಳಂ ಎಲ್ಲ ಮಾತಾಡುತ್ತಾರೆ. ಪೆನ್ನು ಹಿಡಿದರೆ ಮಾತ್ರ ಬೆವರುತ್ತಾರೆ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ನಾಲ್ಕು ಗೆರೆಯ ಪುಸ್ತಕದಲ್ಲಿ ಸಿಸ್ಟರುಗಳು ತಿದ್ದಿಸಿದ ಅಕ್ಷರ ಇನ್ನೂ ಕೈಯಲ್ಲಿದೆ. ಮನೆಯ ಓನರಿಗೆ ಪತ್ರ, ಮಗಳ ಶಾಲೆಗೆ ರಜಾ ಚೀಟಿ, ಅವರ ಅಂಗಡಿಗೆ ರಜೆ ಅರ್ಜಿ, ಎಲ್ಲ ನನ್ನ ಇಲಾಖೆ. ಹಾಗಾಗಿ ಕೋವಿಯ ಪುಟವೂ ನನ್ನ ಪಾಲಿಗೇ ಬಂತು. ಅಂಗಡಿಯಲ್ಲಿ ಈ ಸಂಗತಿ ಅವರು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಅಂಗಡಿ ಒಂದು ಗಂಟೆಗೆ ಮುಚ್ಚಿ ನಾಲ್ಕಕ್ಕೆ ತೆರೆಯುತ್ತದೆ. ಆ ನಡುವಿನಲ್ಲಿ ಅವರು ಮನೆಗೆ ಬಂದು, ಊಟ ಮಾಡಿ, ಅರ್ಧ ಗಂಟೆ ಮಲಗುತ್ತಾರೆ. ಮೂರು ದಿನ ಆ ಅರ್ಧ ಗಂಟೆ ನನಗೆ ಪಾಠ ಹೇಳುವುದರಲ್ಲಿ ಹೋಯಿತು.

ಮೊದಲನೆಯ ದಿನ ಬಾಲ್ಕನಿಯ ಬಾಗಿಲ ಚಿಲಕ ತೋರಿಸಿದರು. "ಇದೇ ಕಾಣ್. ಎತ್ತ್, ಹಿಂದೆ ಎಳಿ, ಮುಂದೆ ದೂಡ್, ಕೆಳಗೆ ಒತ್ತ್. ಬೋಲ್ಟ್ ಆ್ಯಕ್ಷನ್ ಅಂದ್ರೆ ಇಷ್ಟೇ."

"ಇಷ್ಟಕ್ಕೇ ಕಂಪೆನಿಯವರು ಅಷ್ಟು ದೊಡ್ಡ ಪುಸ್ತಕ ಕೊಟ್ಟಿದ್ದಾರಾ?"

"ನಿನ್ನ ಮಿಕ್ಸಿಗೂ ಕೊಟ್ಟಿದ್ರ್ ಅಲ್ದಾ. ನೀನ್ ಓದಿದ್ಯಾ?"

ಆಮೇಲೆ ಒಂದೊಂದಾಗಿ ಹೇಳಿದರು, ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡೆ. ಬೋಲ್ಟಿನ ತುದಿಯಲ್ಲಿ ಎರಡು ಕಿವಿಗಳಿರುತ್ತವೆ, ಗುಂಡು ಸಿಡಿಯುವಾಗ ಆ ಪೆಟ್ಟನ್ನೆಲ್ಲ ತಡೆಯುವುದು ಅವೇ. ಎರಡಕ್ಕೂ ಕಪ್ಪು ಮಾರ್ಕರ್ ಪೆನ್ನು ಬಳಿದು ಇಪ್ಪತ್ತು ಸಲ ಮುಚ್ಚಿ ತೆರೆದು ನೋಡಿದರಂತೆ. ಎರಡು ಕಿವಿಯ ಮಸಿಯೂ ಸಮನಾಗಿ ಅಳಿಸಿತ್ತು. ಒಂದರದ್ದು ಮಾತ್ರ ಅಳಿಸಿದರೆ ಅದೊಂದೇ ಭಾರ ಹೊರುತ್ತಿದೆ ಎಂದು ಅರ್ಥ. ಮದ್ದಿಲ್ಲದ ತೋಟೆ ಹಾಕಿ ಬೋಲ್ಟನ್ನು ಬಹಳ ನಿಧಾನವಾಗಿ ದೂಡಿದರಂತೆ. "ಜೋರಾಗಿ ದೂಡಿದ್ರೆ ಎಲ್ಲ ಕೋವಿಯೂ ನುಂಗತ್ತ್. ಮೆಲ್ಲ ದೂಡ್ಕ್. ಮೆಲ್ಲ ದೂಡಿದ್ರೆ ಅದ್ರ ಹುಳುಕು ಕಾಣತ್ತ್." ಕುದುರೆ ಚೊಕ್ಕವಾಗಿದೆ, ಎಳೆಯುವಾಗ ಮರಳು ಕಡಿದ ಹಾಗೆ ಆಗುವುದಿಲ್ಲ ಎಂದರು. ಬೆರಳಿನಿಂದ ಎಳೆಯುವ ಆ ಕೊಕ್ಕೆಗೆ ಕುದುರೆ ಎನ್ನುತ್ತಾರೆಂದು ನನಗೆ ಆಗ ಗೊತ್ತಾದದ್ದು. "ಕುದುರೆ ಲಾಯ್ಕಿತ್ತ್" ಎಂದು ಅವರು ಗಂಭೀರವಾಗಿ ಹೇಳಿದಾಗ ಮಗಳು ಕೋಣೆಯಿಂದ ಹೊರಗೆ ಬಂದು, "ವಿಚ್ ಹಾರ್ಸ್, ಪಪ್ಪಾ?" ಎಂದಳು.

ಎರಡನೆಯ ದಿನ ಕ್ಲಬ್ಬಿನ ಶೂಟಿಂಗ್ ರೇಂಜಿಗೆ ಹೋಗಿ ಬಂದಿದ್ದರು. ತಣ್ಣಗಿನ ನಳಿಗೆಯಲ್ಲಿ ಮೂರು ಗುಂಡು, ಬಿಸಿಯಾದ ಮೇಲೆ ಮೂರು. ಆರೂ ರಂಧ್ರಗಳು ಒಂದು ರಿಯಾಲಿನ ನೋಟಿನ ಕಾಲು ಭಾಗದಷ್ಟು ಜಾಗದಲ್ಲಿ. ನಳಿಗೆಗೆ ಒಳ್ಳೆಯ ಮಾತೇ ಬರೆದೆ.

ಮೂರನೆಯ ದಿನ ಉಳಿದದ್ದು ಹಿಡಿಮರ. ಭುಜಕ್ಕೆ ಒತ್ತಿಕೊಳ್ಳುವ ತುದಿಯಿಂದ ನಳಿಗೆಯ ಅಡಿಯವರೆಗೆ ಕೋವಿಯನ್ನು ಹೊತ್ತಿರುವ ಭಾಗ. ಹೊಸ ಕೋವಿಗೆ ಅದು ಪ್ಲಾಸ್ಟಿಕ್ಕಿನದು. ಆದರೂ ನನ್ನ ಗಂಡ ಅದನ್ನು ಮರ ಎಂದೇ ಹೇಳುತ್ತಾರೆ. ಆ ದಿನ ಬೂತಾಯಿ ಮೀನಿನ ಸಾರು ಮಾಡಿದ್ದೆ. ಅವರ ಬಾಯಲ್ಲಿ ಒಂದು ಮುಳ್ಳು ಸಿಕ್ಕಿಕೊಂಡಿತ್ತು, ನಾಲಿಗೆಯಿಂದ ಅದನ್ನು ಹೊರಗೆ ತರುವ ಪ್ರಯತ್ನದಲ್ಲಿದ್ದರು.

"ಮರ ಹೇಗುಂಟು?" ಎಂದೆ.

"ಅಡ್ಡಿಲ್ಲ," ಎಂದರು.

ಈ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ತವರಿನಲ್ಲಿ ತುಳು. ಮದುವೆಯಾಗಿ ಕುಂದಾಪುರ ಕನ್ನಡದ ಮನೆಗೆ ಬಂದ ಮೊದಲ ವಾರ ನಾನು ಮಾಡಿದ ಸಾರನ್ನು ಅತ್ತೆ ಉಂಡು, "ಅಡ್ಡಿಲ್ಲ" ಎಂದಿದ್ದರು. ಚೆನ್ನಾಗಿಲ್ಲ, ಹೇಗೋ ತಿನ್ನಬಹುದು ಎಂದು ತಿಳಿದು ಬಾವಿಕಟ್ಟೆಯ ಹತ್ತಿರ ಹೋಗಿ ಅತ್ತಿದ್ದೆ. ಆಮೇಲೆ ನಾದಿನಿ ಬಂದು, ಅತ್ತಿಗೆ, ಅದಕ್ಕಿಂತ ದೊಡ್ಡ ಹೊಗಳಿಕೆ ಅಮ್ಮನ ಬಾಯಿಂದ ಇದುವರೆಗೆ ಬಂದಿಲ್ಲ ಎಂದಳು. ಮರುತಿಂಗಳು ಯಾರೋ ಕೊಟ್ಟ ಸೀರೆಯನ್ನು ನೋಡಿ ಅತ್ತೆ ಅದೇ ಮಾತು ಹೇಳಿದರು, ಆ ಸೀರೆಯನ್ನು ಒಂದು ದಿನವೂ ಉಡಲಿಲ್ಲ. ಮಾತು ಒಂದೇ. ಕೊನೆಯ ಅಕ್ಷರವನ್ನು ತುಸು ಎಳೆದು ತಲೆ ಮೇಲೆತ್ತಿದರೆ ಬಹಳ ಚೆನ್ನಾಗಿದೆ ಎಂದು. ಗಿಡ್ಡ ಮಾಡಿ ಕಣ್ಣು ಬೇರೆ ಕಡೆ ತಿರುಗಿಸಿದರೆ, ಇರಲಿ, ಸಾಗುತ್ತದೆ ಎಂದು. ಹದಿನಾಲ್ಕು ವರ್ಷದಲ್ಲಿ ನಾನು ಇದನ್ನು ಚೆನ್ನಾಗಿಯೇ ಕಲಿತಿದ್ದೆ. ಆ ದಿನ ಮುಳ್ಳು ಎಲ್ಲವನ್ನೂ ಕೆಡಿಸಿತು. ಅಕ್ಷರ ಎಳೆದದ್ದೋ ಗಿಡ್ಡ ಮಾಡಿದ್ದೋ ತಿಳಿಯಲಿಲ್ಲ. ಉಳಿದದ್ದೆಲ್ಲ ಚೆನ್ನಾಗಿದ್ದ ಕೋವಿ, ಇದೂ ಚೆನ್ನಾಗಿರಬೇಕು ಎಂದುಕೊಂಡೆ.

ಅಡ್ಡಿಯಿಲ್ಲ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯಲಿ ಎಂದು ತುಂಬ ಹೊತ್ತು ಯೋಚಿಸಲೂ ಇಲ್ಲ. ನೋ ಅಬ್ಜೆಕ್ಷನ್ ಎಂದು ಬರೆದೆ. ಬರೆದು ನನಗೇ ಹೆಮ್ಮೆಯಾಯಿತು. ಎಷ್ಟು ಸರಿಯಾಗಿ ಕೂತಿತು ಮಾತು! ಗಲ್ಫಿನಲ್ಲಿ ಇದ್ದವರಿಗೆ ಗೊತ್ತು, ಆ ಎರಡು ಶಬ್ದಗಳಿರುವ ಕಾಗದಕ್ಕೆ ಎಷ್ಟು ಬೆಲೆ ಎಂದು. ಕೆಲಸ ಬದಲಿಸಲು ಹಳೆಯ ಮಾಲೀಕರಿಂದ ಅದು ಸಿಗಲೆಂದು ತಿಂಗಳುಗಟ್ಟಲೆ ಕಾದವರನ್ನು ನಾನೇ ನೋಡಿದ್ದೇನೆ. ಪುಟವನ್ನು ನೀಲಿ ಶಾಯಿಯಲ್ಲಿ ಪ್ರತಿ ಮಾಡಿದೆ. ಕೆಳಗೆ ಅವರು ಸಹಿ ಹಾಕಿದರು.

ಭಾನುವಾರ ಪುಟ ಕೊಟ್ಟರು. ಸೋಮವಾರ ಮಧ್ಯಾಹ್ನ ಬರುವಾಗ ಕೈಯಲ್ಲಿ ಖರ್ಜೂರದ ಡಬ್ಬಿಯಿತ್ತು, ಅರಬಾಬ್ ಕೊಟ್ಟದ್ದು. ಚಪ್ಪಲಿ ಬಿಡುವ ಮೊದಲೇ ಹೇಳಲು ಶುರುಮಾಡಿದರು. ಅರಬಾಬ್ ಪುಟವನ್ನು ಎರಡು ಸಲ ಓದಿದರಂತೆ. ಮಾಶಾಅಲ್ಲಾ, ಎಂಥ ಅಕ್ಷರ, ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಎಂದು ಬೆನ್ನು ತಟ್ಟಿದರಂತೆ. ಗುರುವಾರ ಆರ್ಡರ್ ಖಾತ್ರಿ ಮಾಡುತ್ತಾರಂತೆ. ಸ್ಯಾಂಪಲ್ ಕೋವಿಯನ್ನು ತಾವೇ ಇಟ್ಟುಕೊಂಡು, ಮುಂದಿನ ತಿಂಗಳು ಹೊರದೇಶದ ಬೆಟ್ಟಕ್ಕೆ ಕಾಡು ಆಡಿನ ಬೇಟೆಗೆ ಒಯ್ಯುತ್ತಾರಂತೆ.

"ಮತ್ತೆ ಅಕ್ಷರ ನನ್ನದು ಅಂತ ಹೇಳಿದ್ರಾ?"

"ನೆಗ್ಯಾಡ್ದೆ ಅಷ್ಟೇ." ಅಲ್ಲಿ ನಕ್ಕ ಹಾಗೆಯೇ ಇಲ್ಲೂ ನಕ್ಕು ತಟ್ಟೆಯ ಮುಂದೆ ಕೂತರು. "ಮಾಫಿ ಮುಷ್ಕಿಲ್, ಎಂತ ತೊಂದ್ರೆಯೂ ಇಲ್ಲ, ಹಿಡಿಮರಕ್ಕೂ ನೋ ಅಬ್ಜೆಕ್ಷನ್, ಖಲಾಸ್, ಅಂದ್ರ್ ಅರಬಾಬ್..." ಅಷ್ಟು ಹೇಳಿದವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಅಲ್ಲ, ಮರಕ್ಕೆ ನೀನ್ ಎಂತ ಬರ್ದದ್ದ್?"

"ನೀವು ಹೇಳಿದ್ದೇ. ಅಡ್ಡಿಲ್ಲ ಅಂದ್ರಲ್ಲ."

"ನಾನ್ ಹೇಳದ್ದ್ ಆ ಅಡ್ಡಿಲ್ಲ ಅಲ್ಲ, ಮಾರಾಯ್ತಿ!"

ಊಟ ಅಲ್ಲಿಗೇ ನಿಂತಿತು. ಎಡಗೈಯಿಂದ ಮಗಳ ಸ್ಕೇಲನ್ನು ತೆಗೆದುಕೊಂಡು ತೋರಿಸಿದರು. ನಳಿಗೆ ಹಿಡಿಮರಕ್ಕೆ ಎಲ್ಲಿಯೂ ತಾಗಬಾರದು, ಕಾಗದದ ಪಟ್ಟಿಯೊಂದು ನಡುವೆ ಸರಾಗ ಓಡಾಡಬೇಕು. ಬೆಂಚಿನ ಮೇಲೆ ಸುಮ್ಮನೆ ಇಟ್ಟಾಗ ಓಡಾಡುತ್ತದೆ. ಆದರೆ ಮರದ ಮುಂದಿನ ಭಾಗವನ್ನು ಚೀಲದ ಮೇಲೋ ಕಲ್ಲಿನ ಮೇಲೋ ಊರಿ, ಮೈಭಾರ ಹಾಕಿ ಗುರಿ ಹಿಡಿದರೆ ಪ್ಲಾಸ್ಟಿಕ್ಕು ಬಗ್ಗಿ ನಳಿಗೆಯ ಎಡಮೈಗೆ ತಾಗುತ್ತದೆ. ಕಾಗದ ಸಿಕ್ಕಿಕೊಳ್ಳುತ್ತದೆ. ಮೂರನೆಯ ದಿನ ರೇಂಜಿನಲ್ಲಿ ಹಾಗೆ ಹೊಡೆದಾಗ ನೂರು ಮೀಟರಿಗೆ ಎರಡು ಬೆರಳು ಪಕ್ಕಕ್ಕೆ ಹೋಯಿತಂತೆ. ಮುನ್ನೂರಕ್ಕೆ ಅರ್ಧ ಗೇಣು.

"ಇದನ್ನೆಲ್ಲ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳ್ದೆ ಅಲ್ದಾ. ಅಡ್ಡಿಲ್ಲ ಅಂದೆ."

ನಗು ಬರಬೇಕಾದ ಮಾತು. ಇಬ್ಬರಿಗೂ ಬರಲಿಲ್ಲ.

"ಯಾರಿಗೂ ಅಪಾಯ ಇಲ್ಲ ಅಲ್ವಾ?" ಎಂದೆ.

"ಹೊಡ್ದವ್ರಿಗೆ ಇಲ್ಲ." ಸ್ವಲ್ಪ ಹೊತ್ತು ಸ್ಕೇಲನ್ನು ಬಗ್ಗಿಸಿ ಬಿಡುತ್ತಿದ್ದರು. "ಆಡಿಗೆ ಅರ್ಧ ಗೇಣು ಪಕ್ಕ ತಾಗ್ರೆ ಸಾಯೂದಿಲ್ಲ. ಓಡತ್ತ್. ಎಲ್ಲೋ ಹೋಯಿ ಎರಡು ದಿನ ಕಳ್ದ್ ಸಾಯತ್ತ್. ಅರಬಾಬ್ ಬಂದ್ ನನ್ನ ಪುಟ ತೆಗ್ದ್ ಕಾಣ್ತ್ರ್."

ಅವರು ಲೆಕ್ಕ ಹಾಕುತ್ತಿದ್ದದ್ದು ನನಗೂ ಕಾಣುತ್ತಿತ್ತು. ಸುಮ್ಮನಿದ್ದರೆ ಗುರುವಾರ ಆರ್ಡರ್, ಅದರ ಜೊತೆಗೆ ಬೆಂಚು. ಹೇಳಿದರೆ, ತಾನು ಓದದ ಪುಟಕ್ಕೆ ಸಹಿ ಹಾಕಿದ್ದು, ಅಕ್ಷರ ಹೆಂಡತಿಯದ್ದು, ಎರಡೂ ಹೊರಗೆ ಬರುತ್ತವೆ.

ಕಾನ್ವೆಂಟಿನಲ್ಲಿ ನಮಗೊಂದು ನಿಯಮವಿತ್ತು. ಗಾಜು ಒಡೆದರೆ, ಶಾಯಿ ಚೆಲ್ಲಿದರೆ, ಯಾರು ಎಂದು ಸಿಸ್ಟರ್ ಕೇಳುತ್ತಿರಲಿಲ್ಲ. ಸುಮ್ಮನೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆಯುತ್ತಿದ್ದರು. ಮಾಡಿದವಳು ತಾನಾಗಿ ಎದ್ದು ನಿಲ್ಲುವವರೆಗೆ ಪಾಠ ಶುರುವಾಗುತ್ತಿರಲಿಲ್ಲ. ಆ ಮೌನ ಬೆತ್ತಕ್ಕಿಂತ ಕಷ್ಟದ್ದು. ಈ ಸಲ ಎದ್ದು ನಿಲ್ಲಬೇಕಾದವಳು ನಾನೇ ಎಂದು ಅವರಿಗೆ ಹೇಳಿದೆ.

"ನೀನ್ ಬಂದ್ರೆ ಹೆಂಡ್ತಿ ಬರ್ದ್ ಕೊಟ್ಟದ್ದ್ ಅಂತ ಅಂಗಡಿಗೆಲ್ಲ ಗೊತ್ತಾತ್ತ್," ಎಂದರು.

"ನಾನು ಬರದಿದ್ದರೆ, ನೀವು ಸುಳ್ಳು ಬರೆದ್ರಿ ಅಂತ ಗೊತ್ತಾಗ್ತದೆ."

ಅವರು ಕೈ ತೊಳೆಯಲು ಎದ್ದರು. ಬಹಳ ಹೊತ್ತು ನೀರು ಹರಿಯುವ ಸದ್ದು ಕೇಳುತ್ತಿತ್ತು. ಹೊರಗೆ ಬಂದವರು, "ಬುಧವಾರ ನಾಲ್ಕಕ್ಕೆ ಹೋಪ. ಆಗ ಅವ್ರ್ ಒಬ್ರೇ ಇರ್ತ್ರ್," ಎಂದರು.

ಬುಧವಾರ ಬಿಳಿ ಚೂಡಿದಾರ ಹಾಕಿಕೊಂಡು ಹೋದೆ. ಅಂಗಡಿಗೆ ನಾನು ಮೊದಲೂ ಹೋಗಿದ್ದೆ. ಕಬ್ಬಿಣದ ಬಾಗಿಲಿನ ಒಳಗೆ ಹೋದದ್ದು ಅದೇ ಮೊದಲು. ಒಳಗೆ ಎಣ್ಣೆ ಮತ್ತು ಊದಿನ ಪರಿಮಳ ಬೆರೆತ ವಾಸನೆ. ಬೆಂಚಿನ ಮೇಲೆ ಹಸಿರು ಬಟ್ಟೆ, ಅದರ ಅಂಚು ಒಂದು ಕಡೆ ದಾರ ಬಿಟ್ಟಿತ್ತು. ಹಿಂದೆ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಡ್ರಾಯರುಗಳು, ಹೋಮಿಯೋಪತಿ ಡಾಕ್ಟರ ಕಪಾಟಿನಂತೆ. ಅರಬಾಬ್ ಎದ್ದು ನಿಂತು, ಬಲಗೈಯನ್ನು ಎದೆಗೆ ಇಟ್ಟುಕೊಂಡು, "ವೆಲ್‌ಕಮ್, ಸಿಸ್ಟರ್," ಎಂದರು. ಸಿಸ್ಟರುಗಳ ಶಾಲೆಯಲ್ಲಿ ಹತ್ತು ವರ್ಷ ಓದಿದ ನನ್ನನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು. ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಗಾವಾ ಎಂಬ ಅರಬಿ ಕಾಫಿ ಕೊಟ್ಟರು. ಅದನ್ನು ಮುಗಿಸುವವರೆಗೆ ವಿಷಯ ಎತ್ತಬಾರದೆಂದು ಗಂಡ ಮೊದಲೇ ಹೇಳಿದ್ದರು.

ಬಟ್ಟಲು ಇಟ್ಟ ಮೇಲೆ ನಾನು ಎದ್ದು ನಿಂತೆ. ಕೂತು ಹೇಳಲು ಬರಲಿಲ್ಲ. ಪುಟ ಬರೆದದ್ದು ನಾನು, ನನ್ನ ಗಂಡ ಹೇಳಿದ ಒಂದು ಮಾತನ್ನು ತಪ್ಪಾಗಿ ತಿಳಿದು ಬರೆದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅರಬಾಬ್ ನನ್ನ ಮುಖ ನೋಡಲಿಲ್ಲ, ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ ಬೆಂಚಿನ ಬಟ್ಟೆಯ ದಾರ ನೋಡುತ್ತಿದ್ದರು.

"ತೋರಿಸು," ಎಂದರು ಅರಬಾಬ್.

ನನ್ನ ಗಂಡ ಕೋವಿ ತಂದು, ಬೋಲ್ಟ್ ತೆಗೆದು ಪಕ್ಕಕ್ಕಿಟ್ಟು, ಖಾಲಿಯಿದೆಯೆಂದು ಇಬ್ಬರಿಗೂ ತೋರಿಸಿದರು. ನಾನು ಮೂರು ದಿನ ಬರೆದ ವಸ್ತುವನ್ನು ನೋಡಿದ್ದು ಆಗಲೇ. ಅಂದುಕೊಂಡದ್ದಕ್ಕಿಂತ ತೆಳ್ಳಗಿತ್ತು. ಬಿಲ್ ಮಾಡುವ ಯಂತ್ರದಿಂದ ಕಾಗದದ ಪಟ್ಟಿ ಹರಿದು ನಳಿಗೆಯ ಅಡಿಗೆ ತೂರಿಸಿ ಆಚೆ ಈಚೆ ಎಳೆದರು. ಸಲೀಸಾಗಿ ಓಡಾಡಿತು.

"ಯಾ ಸದೀಕ್, ಗೆಳೆಯಾ, ಸರಿಯಾಗಿಯೇ ಇದೆಯಲ್ಲ," ಎಂದರು ಅರಬಾಬ್.

ಆಗ ನನ್ನ ಗಂಡ ಮರಳು ಚೀಲದ ಮೇಲೆ ಕೋವಿಯನ್ನು ಊರಿ, ಬೆಟ್ಟದ ಇಳಿಜಾರಿನಲ್ಲಿ ಮಲಗಿದವನಂತೆ ಎದೆಯ ಭಾರ ಹಾಕಿ ಒರಗಿದರು. "ಎಳಿ," ಎಂದು ನನಗೆ ಹೇಳಿದರು. ಎಳೆದೆ. ಪಟ್ಟಿ ಬರಲಿಲ್ಲ. ಇನ್ನೂ ಎಳೆದೆ, ಹರಿದು ಅರ್ಧ ನನ್ನ ಕೈಗೆ ಬಂತು.

ಅರಬಾಬ್ ತಾವೇ ತಲೆಯ ಬಟ್ಟೆಯನ್ನು ಹಿಂದಕ್ಕೆ ಹಾಕಿಕೊಂಡು ಒರಗಿ ನೋಡಿದರು, ಎರಡು ಸಲ. ಎದ್ದು ಮೊಣಕೈ ಒರೆಸಿಕೊಂಡರು.

"ನಿಮ್ಮ ಭಾಷೆಯಲ್ಲಿ ಇವನು ಹೇಳಿದ ಮಾತು ಯಾವುದು, ಸಿಸ್ಟರ್?"

ಹೇಳಿದೆ. ಹೇಳುವ ರೀತಿಯ ಮೇಲೆ ಅರ್ಥ ಬದಲಾಗುತ್ತದೆ ಎಂದೆ. ಎರಡು ರೀತಿಯಲ್ಲೂ ಹೇಳಿ ತೋರಿಸಲು ಗಂಡನನ್ನು ಕೇಳಿದರು. ನನ್ನ ಗಂಡ ಕೆಂಪಗಾಗಿ, ಮೊದಲು ಎಳೆದು, ಆಮೇಲೆ ಗಿಡ್ಡ ಮಾಡಿ ಹೇಳಿದರು. ಅರಬಾಬರ ಗಡ್ಡ ಅಲುಗಾಡಿತು. "ನಮ್ಮಲ್ಲೂ ಇದೆ," ಎಂದರು. "ಝೈನ್, ಅಂದರೆ ಚೆನ್ನಾಗಿದೆ. ಹೆಂಡತಿ ಕೇಳಿದರೆ ಒಂದು ಝೈನ್, ಕುದುರೆ ಮಾರುವವನು ಕೇಳಿದರೆ ಇನ್ನೊಂದು ಝೈನ್. ಆದರೆ ಅದನ್ನು ಯಾರೂ ಕಾಗದದ ಮೇಲೆ ಬರೆಯುವುದಿಲ್ಲ."

ಮೂವರೂ ನಕ್ಕೆವು. ಎಲ್ಲ ಸರಿಹೋಯಿತೆಂದು ನನಗೆ ಅನಿಸಿದ್ದು ಆ ಒಂದು ಗಳಿಗೆ.

ಅಲ್ಲಿಯೇ ಕೂರಿಸಿ ಹೊಸ ಪುಟ ಬರೆಸಿದರು. ಚೆನ್ನಾಗಿದೆ, ಪರವಾಗಿಲ್ಲ ಎಂಬ ಮಾತುಗಳೇನೂ ಬೇಡ. ಏನು ಮಾಡಿದಿರಿ, ಏನಾಯಿತು, ಅಷ್ಟೇ ಬರೆಯಿರಿ ಎಂದರು. ಚೀಲದ ಮೇಲೆ ಭಾರ ಹಾಕಿದಾಗ ಕಾಗದ ಸಿಕ್ಕಿಕೊಂಡಿತು, ನೂರು ಮೀಟರಿಗೆ ಎರಡು ಬೆರಳು ಬಲಕ್ಕೆ ಎಂದು ಬರೆದೆ. ಅದನ್ನು ಫೋನಿನಲ್ಲಿ ಫೋಟೋ ತೆಗೆದು ಕಂಪೆನಿಗೆ ಕಳಿಸಿದರು. ಅಸಲಿ ಮರದ ಹಿಡಿಯಿರುವ ಕೋವಿಯಾದರೆ ಮಾತ್ರ ಆರ್ಡರ್ ಎಂದರು. ತಮ್ಮ ಬೇಟೆಗೆ ಹಳೆಯ ಕೋವಿಯನ್ನೇ ಒಯ್ಯುತ್ತೇನೆ ಎಂದರು. ಹೊರಡುವಾಗ ನನಗೆ ಇನ್ನೊಂದು ಡಬ್ಬಿ ಖರ್ಜೂರ ಕೊಟ್ಟರು. ಬೆಂಚಿನ ಮಾತು ಎತ್ತಲಿಲ್ಲ.

ಎತ್ತಿದ್ದು ಮರುವಾರ, ನನ್ನ ಗಂಡ ಒಬ್ಬರೇ ಇದ್ದಾಗ. ಮಧ್ಯಾಹ್ನ ಮನೆಗೆ ಬಂದು ಅದನ್ನು ಹೇಳಿದರು. ಅರಬಾಬ್ ಬೈಯಲಿಲ್ಲವಂತೆ. ನಿನ್ನ ಕಣ್ಣು ಒಳ್ಳೆಯದು, ನಿನ್ನ ಹೆಂಡತಿಯ ಕೈ ಒಳ್ಳೆಯದು, ಆದರೆ ಗುಂಡು ತಪ್ಪಿದ ದಿನ ನಾನು ಯಾರನ್ನು ಕೇಳಲಿ ಎಂದರಂತೆ. ನೋಡುವವನೂ ಬರೆಯುವವನೂ ಒಬ್ಬನೇ ಆಗಿರಬೇಕು. ಫಿಲಿಪೀನ್ಸಿನಿಂದ ಸರ್ಟಿಫಿಕೇಟ್ ಇದ್ದವನೊಬ್ಬ ಒಂದನೇ ತಾರೀಕಿಗೆ ಬರುತ್ತಾನಂತೆ. ನನ್ನ ಗಂಡ ಮೊದಲಿನಂತೆಯೇ ಬೆಂಚಿನ ಪಕ್ಕ.

"ನನ್ನಿಂದ ಆಯ್ತು," ಎಂದೆ.

"ಮುಳ್ಳಿನಿಂದ ಆಯ್ತ್," ಎಂದರು. "ಹೋಯ್ಲಿ ಬಿಡ್. ಅವ್ರ್ ಹೇಳದ್ದ್ ಸರಿಯೇ."

ಅಂದು ಅವರು ಮಲಗಲಿಲ್ಲ. ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಖಾಲಿ ಹಾಳೆಗಳನ್ನು ಹರಿದು, ಸ್ಕೇಲ್ ಇಟ್ಟು ಸಣ್ಣ ಸಣ್ಣ ಚೀಟಿಗಳಾಗಿ ಕತ್ತರಿಸತೊಡಗಿದರು. ಎಂತದಕ್ಕೆ ಎಂದು ಕೇಳಿದೆ. ಆ ಗೋಡೆಯ ಡ್ರಾಯರುಗಳಿಗೆ, ಎಂದರು. ಯಾವುದರಲ್ಲಿ ಏನಿದೆ ಎಂದು ಈಜಿಪ್ಟಿನವನಿಗೆ ಗೊತ್ತಿತ್ತು, ತನಗೆ ಗೊತ್ತಿದೆ, ಹೊಸಬನಿಗೆ ಹೇಗೆ ಗೊತ್ತಾಗಬೇಕು?

ನಾನು ಕೈ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದೆ. "ಬೇಡ, ನಾನ್ ಬರೀತೆ. ನೀನ್ ಸ್ಪೆಲ್ಲಿಂಗ್ ಹೇಳ್," ಎಂದರು.

ಎದುರಿನ ಕುರ್ಚಿಯಲ್ಲಿ ಕೂತು ಹೇಳಿದೆ. ಒಂದೊಂದು ಅಕ್ಷರವನ್ನೂ ದೊಡ್ಡದಾಗಿ, ಒತ್ತಿ, ಕಾಗದದ ಹಿಂಬದಿಗೆ ಉಬ್ಬುವಂತೆ ಬರೆಯುತ್ತಿದ್ದರು. ಸ್ಪ್ರಿಂಗ್, ಸ್ಕ್ರೂ, ಪಿನ್. ಹತ್ತು ಹನ್ನೆರಡು ಚೀಟಿಗಳಾದ ಮೇಲೆ ಕೇಳುವುದನ್ನು ನಿಲ್ಲಿಸಿ ತಾವೇ ಬರೆಯತೊಡಗಿದರು. ಎಕ್ಸ್‌ಟ್ರಾಕ್ಟರ್ ಎನ್ನುವಲ್ಲಿ ನಡುವೆ ಒಂದು ಅಕ್ಷರ ಬಿಟ್ಟುಹೋಗಿತ್ತು. ನಾನು ನೋಡಿದೆ, ಹೇಳಲಿಲ್ಲ. ಆ ಚೀಟಿಯನ್ನೂ ಉಳಿದವುಗಳ ಜೊತೆ ಶಾಯಿ ಒಣಗಲು ಇಟ್ಟರು. ಮೂರೂವರೆಗೆ ಎಲ್ಲವನ್ನೂ ಕವರಿಗೆ ಹಾಕಿ, ಕವರನ್ನು ಷರ್ಟಿನ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೊರಟರು.